ಕಾಂಡ್ಲಾ ಕೋಲಿನ ತುಲಾಭಾರ

ಹಸಿ ಖರ್ಜೂರ ಕಳಿತು ಹುಳಿಯಾಗತೊಡಗಿದಾಗ ಒಂದು ವಾಸನೆ ಬರುತ್ತದೆ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಒಣ ಖರ್ಜೂರದ ವಾಸನೆಯಲ್ಲ ಅದು. ಬೇಸಿಗೆಯ ನಡುವಿನಲ್ಲಿ ಮರದಿಂದ ಇಳಿಸಿದ, ಅರ್ಧ ಹಳದಿ ಅರ್ಧ ಕಂದಾದ, ಇಲ್ಲಿಯವರು ರುತಾಬ್ ಎಂದು ಕರೆಯುವ ಹಣ್ಣಿನದು. ಮೊದಲು ಬೆಲ್ಲದ ಪಾಕದ ಹಾಗಿರುತ್ತದೆ, ಆಮೇಲೆ ಸ್ವಲ್ಪ ಕಳ್ಳಿನ ಹಾಗೆ, ಕೊನೆಗೆ ಮೂಗಿನೊಳಗೆ ಕೂತು ಏಳುವುದೇ ಇಲ್ಲ. ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಪ್ರೀತಿಯಿಂದ ಒಂದು ಡಬ್ಬಿ ಕಳಿಸಿಕೊಟ್ಟಿದ್ದರು. ದೋಹಾದ ಐನ್ ಖಾಲಿದ್‌ನ ನಮ್ಮ ಈ ಮನೆಗೆ ಅಂಥ ಡಬ್ಬಿ ಬಂದರೆ ಅದನ್ನು ಬಾಗಿಲಲ್ಲೇ ಪಕ್ಕದ ಮನೆಗೆ ದಾಟಿಸುವುದು ನನ್ನ ಅಭ್ಯಾಸ. ಅವತ್ತು ಮರೆತೆ. ಸಂಜೆ ಶಾಲೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತಿದ್ದಾಗ, ಒಳಗೆ ಮಲಗಿದ್ದ ಅಮ್ಮ ಎದ್ದು ಬಂದು, ಏಸಿ ಓಡುತ್ತಿದ್ದರೂ ಕಿಟಕಿ ತೆರೆದರು. ಹೊರಗಿನ ಕಾದ ಗಾಳಿ ಧೂಳಿನ ಸಮೇತ ನುಗ್ಗಿತು. ಇಬ್ಬರಿಗೂ ನಾವು ಮೊದಲಿದ್ದ ಅಲ್ ಹಿಲಾಲ್‌ನ ಆ ಮನೆಯ ಉಗ್ರಾಣದ ಕೋಣೆ ನೆನಪಾಗಿತ್ತು.

ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಗಾಜಿನ ಮುಖದ ಕಟ್ಟಡವೊಂದು ನಿಂತಿದೆ, ಕೆಳಗೆ ಔಷಧದ ಅಂಗಡಿ. ಎರಡು ಸಾವಿರದ ದಶಕದ ನಡುವಿನ ಆ ವರ್ಷಗಳಲ್ಲಿ ದೋಹಾದ ಹಳೆಯ ಬೀದಿಗಳನ್ನೆಲ್ಲ ಯಂತ್ರಗಳು ಒಂದೊಂದಾಗಿ ನುಂಗುತ್ತಿದ್ದವು. ನಮ್ಮದು ಉಳಿದಿದ್ದೇ ಹೆಚ್ಚು. ಒಂದೇ ವಿಲ್ಲಾವನ್ನು ಮಾಲೀಕ ನಡುವೆ ಗೋಡೆ ಹಾಕಿ ಎರಡು ಸಂಸಾರಗಳಿಗೆ ಕೊಟ್ಟಿದ್ದ. ಒಂದು ಭಾಗದಲ್ಲಿ ನಾವು, ಇನ್ನೊಂದರಲ್ಲಿ ಉಡುಪಿ ಕಡೆಯ ಫೆಲಿಕ್ಸ್ ಅಂಕಲ್ ಮತ್ತು ಗ್ರೇಸಿ ಆಂಟಿ. ಅಪ್ಪ ಒಂದು ಕಂಪೆನಿಯ ಸ್ಟೋರ್ ವಿಭಾಗದಲ್ಲಿದ್ದರು, ಫೆಲಿಕ್ಸ್ ಅಂಕಲ್ ಹಳೇ ಬಂದರಿನ ಹತ್ತಿರ ಹಡಗಿನ ಏಜೆನ್ಸಿಯಲ್ಲಿ ಗುಮಾಸ್ತ. ಮಕ್ಕಳಿಲ್ಲದ ಆ ದಂಪತಿಗೆ ನಾನೂ ನನ್ನ ತಮ್ಮನೂ ಅರ್ಧ ಮಕ್ಕಳೇ ಆಗಿದ್ದೆವು. ಗೋಡೆ ಇದ್ದದ್ದು ಬಾಡಿಗೆಗೆ ಮಾತ್ರ. ಅಂಗಳ ಒಂದೇ, ಬಟ್ಟೆ ಒಣಗಿಸುವ ಹಗ್ಗ ಒಂದೇ, ಕಾರು ನಿಲ್ಲಿಸಲು ಕಬ್ಬಿಣದ ಪೈಪು ನೆಟ್ಟು ತಗಡು ಹೊದೆಸಿದ ಶೆಡ್ಡೂ ಒಂದೇ. ಆ ಕಡೆಯಿಂದ ಹಂದಿಮಾಂಸದ ಸೋರ್ಪೊತೆಲ್ ಕುದಿಯುವ ವಾಸನೆ ಬಂದರೆ ಅಮ್ಮ ಮೂಗು ಮುಚ್ಚಿಕೊಂಡು ನಗುತ್ತಿದ್ದರು, ಈ ಕಡೆ ಪತ್ರೊಡೆ ಮಾಡಿದರೆ ಗ್ರೇಸಿ ಆಂಟಿ ತಟ್ಟೆ ಹಿಡಿದೇ ಬರುತ್ತಿದ್ದರು. ಕೆಸುವಿನ ಎಲೆ ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಬರುತ್ತಿತ್ತು. ಅಮ್ಮ ಆಗ ಎಷ್ಟು ನಗುತ್ತಿದ್ದರು ಎಂದು ಹೇಳಿದರೆ ಈಗ ಅವರನ್ನು ನೋಡುವವರು ನಂಬುವುದಿಲ್ಲ.

ತಮ್ಮನ ಹೆಸರು ನಿತಿನ್, ನಮಗೆಲ್ಲ ನಿತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅವನಿಗೆ ಆರು ವರ್ಷ. ಹುಟ್ಟಿದಾಗಿನಿಂದ ಕಡ್ಡಿಯಂತಿದ್ದ ಹುಡುಗ. ಊಟಕ್ಕೆ ಕೂರಿಸಿದರೆ ಅನ್ನವನ್ನು ತಟ್ಟೆಯ ಸುತ್ತ ಮೆರವಣಿಗೆ ಮಾಡಿಸಿ ಏಳುತ್ತಿದ್ದ. ಅಂಥವನು ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ತುಂಬಿಕೊಳ್ಳತೊಡಗಿದ. ಕೆನ್ನೆ ಉಬ್ಬಿತು, ಕಾಲು ದುಂಡಗಾಯಿತು, ಹೊಟ್ಟೆ ಮುಂದೆ ಬಂತು. ಅಮ್ಮನ ಸಂಭ್ರಮ ಹೇಳತೀರದು. ಶುಕ್ರವಾರದ ರಜೆಗೆ ಬರುವ ಊರಿನವರೆಲ್ಲ ಅವನ ಗಲ್ಲ ಹಿಂಡಿ, "ಅಂತೂ ನಿನ್ನ ಅಮ್ಮನ ಅಡಿಗೆ ಮೈಗೆ ಹತ್ತಿತಲ್ಲ ಮಾರಾಯ," ಎಂದು ತಮಾಷೆ ಮಾಡುತ್ತಿದ್ದರು. ಅಮ್ಮ ರಾತ್ರಿ ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದರೇ ಹೊರತು ಬೇರೇನೂ ಯೋಚಿಸಲಿಲ್ಲ. ಊರಿನಲ್ಲಿ ಬಡಕಲಾದ ಮಗುವನ್ನು ಕಂಡು ಹೆದರುವುದನ್ನು ಕಲಿಸಿದ್ದರು, ಮೈ ತುಂಬಿಕೊಂಡ ಮಗುವನ್ನು ಕಂಡು ಹೆದರುವುದನ್ನು ಯಾರೂ ಕಲಿಸಿರಲಿಲ್ಲ. ಬೆಳಿಗ್ಗೆ ಎದ್ದಾಗ ಅವನ ಕಣ್ಣುಗಳು ಊದಿ ಸಣ್ಣ ಗೆರೆಗಳಾಗಿರುತ್ತಿದ್ದವು. ನಿದ್ದೆ ಹೆಚ್ಚಾಗಿದೆ ಎಂದುಕೊಂಡೆವು. ಒಂದು ದಿನ ಶಾಲೆಯ ಶೂ ಕಾಲಿಗೆ ಹತ್ತಲಿಲ್ಲ. ಗ್ರೇಸಿ ಆಂಟಿ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಗುಂಡಿ ಬಿದ್ದು ಹಾಗೆಯೇ ಉಳಿಯಿತು. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಲು ಆಂಟಿ ಹೇಳಿದರು.

ಮೂತ್ರಪಿಂಡದ ಕಾಯಿಲೆ ಎಂದರು. ಮೈಯಲ್ಲಿ ನಿಂತದ್ದೆಲ್ಲ ನೀರು. ಆಸ್ಪತ್ರೆಯಲ್ಲಿ ಅವನನ್ನು ದಿನಾ ತೂಕ ಮಾಡುತ್ತಿದ್ದರು. ತೂಕ ಇಳಿದರೆ ಒಳ್ಳೆಯ ಸುದ್ದಿ, ಏರಿದರೆ ಕೆಟ್ಟದ್ದು. ಮಗನ ತೂಕ ಇಳಿಯಲಿ ಎಂದು ಬೇಡಿಕೊಳ್ಳುವ ಗತಿ ಬಂತಲ್ಲ ಎಂದು ಅಮ್ಮ ಅಡಿಗೆಮನೆಯಲ್ಲಿ ನಿಂತು ಅಳುತ್ತಿದ್ದರು. ಮಾತ್ರೆಗೆ ಕೆಲವು ವಾರ ಇಳಿಯಿತು, ಮನೆಗೆ ಕಳಿಸಿದರು, ಮತ್ತೆ ಏರಿತು. ಅಮ್ಮ ಊರಿನ ದೇವಸ್ಥಾನಕ್ಕೆ ಹರಕೆ ಹೊತ್ತರು: ಬೇಸಿಗೆ ರಜೆಯಲ್ಲಿ ಹೋದಾಗ ನಿತ್ತುವಿಗೆ ತುಲಾಭಾರ, ತಕ್ಕಡಿಯಲ್ಲಿ ಅವನನ್ನು ಕೂರಿಸಿ ಅವನ ತೂಕದಷ್ಟು ಸಿಹಿ ದೇವರಿಗೆ. ಆದರೆ ರಜೆ ಹತ್ತಿರವಾದಾಗ ಅವನನ್ನು ನೋಡುತ್ತಿದ್ದ, ಸುಡಾನಿನ ಮೆತ್ತಗಿನ ದನಿಯ ಡಾಕ್ಟರು, ವಿಮಾನ ಸದ್ಯಕ್ಕೆ ಬೇಡ, ಸೋಂಕು ತಗುಲಿದರೆ ಕಷ್ಟ ಎಂದರು. ಅಮ್ಮ ಫೋನ್ ಕಾರ್ಡು ಹಾಕಿ ಊರಿನ ಮಾವನಿಗೆ ಫೋನು ಮಾಡಿದರು. ಮಾವ ದೇವಸ್ಥಾನದ ಭಟ್ಟರನ್ನು ಕೇಳಿ ಮರುದಿನ ತಿಳಿಸಿದರು. "ತಡ ಮಾಡುದು ಬೇಡ ಅಂತೆ. ಅಲ್ಲಿಯೇ ದೀಪ ಇಟ್ಟು ತೂಗಿ, ತೆಗೆದಿಡಿ. ಬರುವಾಗ ತಂದು ಒಪ್ಪಿಸಿದ್ರೆ ಆಯ್ತು. ಆದ್ರೆ ಸಮ ಆಗ್ಬೇಕು ವಿಮಲಾ, ಸರಿಯಾಗಿ ಸಮ ಆಗ್ಬೇಕು." ಆ ಕೊನೆಯ ಮಾತನ್ನು ಅಮ್ಮ ಮನೆಯಲ್ಲಿ ಎಲ್ಲರಿಗೂ ಮತ್ತೆ ಮತ್ತೆ ಹೇಳಿದರು. ಆಸ್ಪತ್ರೆಯಲ್ಲಿ ತೂಕ ಗೊತ್ತಾಗಿಯೇ ಇದೆಯಲ್ಲ, ಅಷ್ಟು ಸಿಹಿ ತಂದಿಟ್ಟರೆ ಸಾಲದೇ ಎಂದು ಅಪ್ಪ ಮೆಲ್ಲಗೆ ಕೇಳಿದ್ದಕ್ಕೆ ಅಮ್ಮ ಸಿಡಿದರು. "ಅದು ಅಂಗಡಿ ವ್ಯಾಪಾರ ಆಯ್ತು. ಅವ ದೇವರ ಎದುರು ನೆಲ ಬಿಟ್ಟು ಮೇಲೆ ಏಳ್ಬೇಕು."

ಹಾಗೆ ತಕ್ಕಡಿ ಕಟ್ಟುವ ಕೆಲಸ ಶುರುವಾಯಿತು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಳೇ ಅರಬ್ಬಿ ಮನೆಯನ್ನು ಆ ವಾರವಷ್ಟೇ ಕೆಡವಿದ್ದರು. ಹಿಂದಿನ ಕಾಲದಲ್ಲಿ ಇಲ್ಲಿಯ ಮನೆಗಳ ಮಾಡಿಗೆ ಆಫ್ರಿಕದ ಕಡೆಯಿಂದ ಹಡಗಿನಲ್ಲಿ ಬಂದ ಕೋಲುಗಳನ್ನು ಸಾಲಾಗಿ ಹಾಕುತ್ತಿದ್ದರು. ಕಲ್ಲುಮಣ್ಣಿನ ರಾಶಿಯಲ್ಲಿ ಬಿದ್ದಿದ್ದ ಅಂಥದ್ದೊಂದನ್ನು ಅಪ್ಪ ಹೆಗಲ ಮೇಲೆ ಹೊತ್ತು ತಂದರು. ಅದನ್ನು ನೋಡಿದ್ದೇ ಫೆಲಿಕ್ಸ್ ಅಂಕಲ್‌ಗೆ ಖುಷಿಯಾಯಿತು. "ಓ, ಇದು ನಮ್ಮ ಕಾಂಡ್ಲಾ ಅಲ್ವಾ ಮಾರಾಯ್ರೆ! ಹೊಳೆಬದಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರ. ನೋಡಿ, ನಮಗಿಂತ ಮೊದಲೇ ಗಲ್ಫಿಗೆ ಬಂದು ಕೂತಿದೆ." ಗಟ್ಟಿಯಾದ, ಕೆಂಪಗಿನ ಕೋಲು. ಮರದಿಂದ ಕಡಿದ ಹಾಗೆಯೇ ಇದ್ದುದರಿಂದ ಒಂದು ತುದಿ ದಪ್ಪ, ಇನ್ನೊಂದು ತುದಿ ಕೊಂಚ ಸಪೂರ. ಆದರೆ ನೋಡಿದ ಕೂಡಲೇ ಕಣ್ಣಿಗೆ ಬೀಳುವಷ್ಟೇನೂ ಅಲ್ಲ. ಅಂಕಲ್ ಹಡಗಿನ ಹಗ್ಗ ತಂದರು. ಅಪ್ಪ ತರಕಾರಿ ಮಾರುಕಟ್ಟೆಯಿಂದ ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಕ್ರೇಟು ತಂದರು, ಅವೇ ತಟ್ಟೆಗಳು. ಅಂಗಳದ ಶೆಡ್ಡಿನ ಪೈಪಿಗೆ ಕೋಲನ್ನು ತೂಗು ಹಾಕಿದರು. ಹಗ್ಗವನ್ನು ಆಚೀಚೆ ಸರಿಸುತ್ತ ಸರಿಸುತ್ತ, ಬರೀ ಕೋಲು ಅಲುಗದೆ ಮಟ್ಟಸವಾಗಿ ನಿಂತಾಗ ಅಲ್ಲಿಯೇ ಬಿಗಿದು ಕಟ್ಟಿದರು. ಅಂಕಲ್ ಮೂರು ಹೆಜ್ಜೆ ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿ, "ಖಲಾಸ್. ಇನ್ನು ದೇವ್ರೂ ತಪ್ಪು ಹೇಳ್ಲಿಕ್ಕಿಲ್ಲ," ಎಂದರು. ಖಾಲಿ ಕೋಲು ನೇರ ನಿಂತಿದೆ ಎಂದ ಮೇಲೆ ತಕ್ಕಡಿ ಸತ್ಯ ಹೇಳುತ್ತದೆ ಎಂದು ನಾವೆಲ್ಲರೂ ನಂಬಿದೆವು. ಇದನ್ನು ಓದುತ್ತಿರುವ ನೀವೂ ನಂಬುತ್ತಿದ್ದಿರಿ.

ಬೆಲ್ಲ ಅಷ್ಟು ಸಿಗುವಂತಿರಲಿಲ್ಲ. ರುತಾಬಿನ ಕಾಲ, ಮಾರುಕಟ್ಟೆಯ ತುಂಬ ಬುಟ್ಟಿ ಬುಟ್ಟಿ ಬಂದಿತ್ತು. ಹರಕೆಯಲ್ಲಿ ಸಿಹಿ ಎಂದಷ್ಟೇ ಹೇಳಿಕೊಂಡಿದ್ದರಿಂದ ಖರ್ಜೂರ ಆಗುತ್ತದೆ ಎಂದು ಅಮ್ಮ ತೀರ್ಮಾನಿಸಿದರು. ಗುರುವಾರ ಆಸ್ಪತ್ರೆಯಲ್ಲಿ ಎಷ್ಟು ತೂಗಿದ್ದನೋ ಅಷ್ಟನ್ನೇ ಅಪ್ಪ ತೂಗಿಸಿ ತಂದರು. ಶುಕ್ರವಾರ ಬೆಳಿಗ್ಗೆ ಅಂಗಳ ತೊಳೆದು, ಶೆಡ್ಡಿನ ಕೆಳಗೆ ರಂಗೋಲಿ ಹಾಕಿ ದೀಪ ಹಚ್ಚಿದರು. ಮಗ ಪೂರ್ವಕ್ಕೆ ಮುಖ ಮಾಡಿ ಕೂರಬೇಕೆಂದು ಅಮ್ಮ ಸಪೂರ ತುದಿಯ ಕ್ರೇಟನ್ನು ಆರಿಸಿದರು, ಅದರೊಳಗೆ ತನ್ನ ಹಳೆಯ ರೇಷ್ಮೆ ಸೀರೆ ಮಡಚಿ ಹಾಸಿದರು. ಇನ್ನೊಂದು ಕ್ರೇಟಿನಲ್ಲಿಯೂ ಅಂಥದೇ ಒಂದು ಸೀರೆ. ನಿತ್ತುವಿಗೆ ಹೊಸ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂರಲಿಲ್ಲ, ತೆರೆದೇ ಬಿಟ್ಟರು. ಅವನು ಹೆದರಿ ಅಳಲು ಶುರು ಮಾಡಿದಾಗ ಗ್ರೇಸಿ ಆಂಟಿ ರಾಶಿಯಿಂದ ಖರ್ಜೂರ ತೆಗೆದು ಅವನ ಎರಡೂ ಮುಷ್ಟಿ ತುಂಬಿಸಿದರು. "ಇದು ಹಿಡ್ಕೊ ಚಿನ್ನಾ, ದೇವರ ಚಾಕ್ಲೇಟು." ಅವನು ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನಾದ. ಅಪ್ಪ ಎದುರು ಕ್ರೇಟಿಗೆ ಖರ್ಜೂರ ಸುರಿಯತೊಡಗಿದರು. ಬುಟ್ಟಿ ಖಾಲಿಯಾಯಿತು. ನಿತ್ತು ಮೇಲೇಳಲಿಲ್ಲ.

ಅಂಗಡಿಯವ ಮೋಸ ಮಾಡಿರಬೇಕು ಎಂದರು ಅಂಕಲ್. ಅಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. "ನಿನ್ನೆಯಿಂದ ಇವತ್ತಿಗೆ ಅಷ್ಟು ನೀರು ತುಂಬಿತಾ?" ಎಂದು ಮಗನ ಮುಖವನ್ನೇ ನೋಡಿದರು. ಒಳಗೆ ಓಡಿ ಸಕ್ಕರೆಯ ಡಬ್ಬ ತಂದು ಕ್ರೇಟಿಗೆ ಹಾಕಿದರು. ಕೋಲು ಕದಲಲಿಲ್ಲ. ಬೆಲ್ಲ ಹಾಕಿದರು, ಹಾಲುಪುಡಿಯ ಡಬ್ಬ, ಸಣ್ಣ ಚೀಲದಲ್ಲಿ ಉಳಿದಿದ್ದ ಅಕ್ಕಿ ತಂದು ಸೇರಿಸಿದರು. ಕೈಯ ಬಳೆಗಳನ್ನು ಸಾಬೂನೂ ಇಲ್ಲದೆ ಎಳೆದು ತೆಗೆದು ಹಾಕಿದರು. ಮಣಿಕಟ್ಟಿನ ಚರ್ಮ ಕಿತ್ತು ಬಂದದ್ದು ನನಗೆ ಕಾಣಿಸಿತು. "ಇನ್ನೆಂತ ಬೇಕು ನಿಂಗೆ? ಇನ್ನೆಂತ ಕೊಡ್ಲಿ?" ಎಂದು ಶೆಡ್ಡಿನ ತಗಡಿನ ಕಡೆ ಮುಖವೆತ್ತಿ ಕೂಗಿದರು. ಅದು ಪ್ರಾರ್ಥನೆಯಲ್ಲ, ಜಗಳ. ಅಷ್ಟು ಹೊತ್ತಿಗೆ ಬಿಸಿಲು ಏರಿ ತಗಡು ಕಾದಿತ್ತು, ಎಲ್ಲರ ಬೆವರು ಹರಿಯುತ್ತಿತ್ತು, ಖರ್ಜೂರದಿಂದ ಪಾಕ ಇಳಿದು ಕ್ರೇಟಿನ ಕಿಂಡಿಗಳಿಂದ ರಂಗೋಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ನಿತ್ತು ಮುಷ್ಟಿ ಬಿಗಿದುಕೊಂಡು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದ. ತಾನು ಏನೋ ತಪ್ಪು ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿರಬೇಕು. "ಅಮ್ಮಾ, ನಾನು ಹಾರ್ಲಾ?" ಎಂದು ಕೂತಲ್ಲೇ ಮೈ ಮೇಲಕ್ಕೆ ಎತ್ತಿದ.

ಆಗ ಅಪ್ಪ ಅಡಿಗೆಮನೆಯ ಏಣಿ ತಂದರು. ಅಂಕಲ್ ಹತ್ತಿರ ನಿತ್ತುವನ್ನು ಎತ್ತಿ ಹಿಡಿಯಲು ಹೇಳಿ, ಕೋಲಿನ ಒಂದು ತುದಿಯಿಂದ ಗೇಣು ಹಾಕುತ್ತ ಬಂದರು, ಆಮೇಲೆ ಇನ್ನೊಂದು ತುದಿಯಿಂದ. ಎರಡು ಸಲ ಅಳೆದು, ಹಗ್ಗದ ಗಂಟು ಬಿಚ್ಚಿ ಮಗನ ಕಡೆಗೆ ಸ್ವಲ್ಪ ಸರಿಸಿ ಕಟ್ಟಿದರು. ಅಂಕಲ್ ಅವನನ್ನು ಮತ್ತೆ ಕೂರಿಸಿದ ಕೂಡಲೇ ಎದುರಿನ ಕ್ರೇಟು ಧಡ್ಡನೆ ಇಳಿದು ನಿತ್ತು ಮೇಲಕ್ಕೆ ಹೋದ. "ಅಕ್ಕಾ, ಫ್ಲೈಯಿಂಗ್!" ಎಂದು ಕೂಗಿ ನಕ್ಕ. ಎಷ್ಟೋ ವಾರಗಳ ಮೇಲೆ ನಕ್ಕಿದ್ದ. ಗ್ರೇಸಿ ಆಂಟಿ ಶಿಲುಬೆಯ ಗುರುತು ಮಾಡಿಕೊಂಡರು. ಅಪ್ಪ ಏಣಿಯಿಂದಿಳಿದು ಮೊದಲು ಅಮ್ಮನ ಬಳೆಗಳನ್ನು ತೆಗೆದರು. ಆಮೇಲೆ ಅಕ್ಕಿ, ಹಾಲುಪುಡಿ, ಬೆಲ್ಲ, ಸಕ್ಕರೆ, ಒಂದೊಂದಾಗಿ. ಬರೀ ಖರ್ಜೂರ ಉಳಿದಾಗ ಕೋಲು ಮೆಲ್ಲಗೆ ಮೇಲೆ ಕೆಳಗೆ ಆಡಿ ಮಟ್ಟವಾಗಿ ನಿಂತಿತು. ಅಪ್ಪ ಕೈಮುಗಿದರು. ಅಮ್ಮ ಮುಗಿಯಲಿಲ್ಲ. "ದೇವರ ತಟ್ಟೆಯಿಂದ ತೆಗೀತೀರಾ ನೀವು?" ಎಂದರು, ತಣ್ಣಗೆ. ಅಪ್ಪ, "ಸಮ ಆಗ್ಬೇಕಲ್ಲ ಮಾರಾಯ್ತಿ. ನಾನು ನಡುವಿಗೇ ಕಟ್ಟಿದ್ದು, ಬೇಕಾದ್ರೆ ಅಳೆದು ನೋಡು," ಎಂದರು. ಅಮ್ಮ ಅಳೆಯಲಿಲ್ಲ. ಮಗನನ್ನು ಇಳಿಸಿ, ಎರಡೂ ಕ್ರೇಟುಗಳನ್ನು ಕೋಲಿನಿಂದ ಬಿಚ್ಚಿ ಕೆಳಗಿಟ್ಟರು. ಖಾಲಿ ಕೋಲು ನಮ್ಮೆಲ್ಲರ ಕಣ್ಣೆದುರಿಗೇ, ಯಾರೂ ಮುಟ್ಟದೆ, ಖರ್ಜೂರವಿದ್ದ ಕಡೆಗೆ ಮೆಲ್ಲಗೆ ವಾಲಿತು. ಅಮ್ಮ ಅದನ್ನು ಬೆರಳಿನಿಂದ ತೋರಿಸಿದರು, ಅಷ್ಟೇ. ಫೆಲಿಕ್ಸ್ ಅಂಕಲ್ ನೆಲ ನೋಡಿದರು. ನನಗೂ ಕೋಲು ವಾಲಿದ್ದು ಕಂಡಿತ್ತು, ಅಪ್ಪ ಗೇಣು ಹಾಕಿದ್ದೂ ಕಂಡಿತ್ತು. ಎರಡೂ ಹೇಗೆ ನಿಜವಾಗುತ್ತದೆ ಎಂದು ಹದಿಮೂರರ ನನಗೆ ತಿಳಿಯಲಿಲ್ಲ.

ಮಳೆ ಇಲ್ಲದ ಊರಿನಲ್ಲಿ ಆಗಸ್ಟ್ ತಿಂಗಳು ಹೇಗೆ ಕಳೆಯುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಗಾಳಿಯೇ ಒದ್ದೆ ಬಟ್ಟೆಯಾಗಿ ಮುಖಕ್ಕೆ ಅಂಟುತ್ತದೆ. ಆ ತಿಂಗಳು ಮುಗಿಯುವ ಮೊದಲೇ ನಿತ್ತುವಿಗೆ ಸೋಂಕು ತಗುಲಿತು. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಕೊನೆಗೆ ಹೊರಗೆ ಬಂದು ಅಪ್ಪನ ಎರಡೂ ಕೈ ಹಿಡಿದು ನಿಂತರು. ಊರಿಗೆ ಕಳಿಸುವ ಮುಂಚೆ ವಿಮಾನದ ಸರಕು ವಿಭಾಗದಲ್ಲಿ ಪೆಟ್ಟಿಗೆಯನ್ನು ತೂಕ ಮಾಡಿದರು. ಅಲ್ಲಿ ಕಾಂಡ್ಲಾ ಕೋಲಿರಲಿಲ್ಲ, ನೆಲಕ್ಕೆ ಹುಗಿದ ಕಬ್ಬಿಣದ ಹಲಗೆಯಿತ್ತು, ಕೆಂಪು ಅಂಕಿಗಳು ಮಿನುಗುತ್ತಿದ್ದವು. ಅಪ್ಪ ಆ ಅಂಕಿಗಳ ಕಡೆ ನೋಡದೆ ಗೋಡೆಯ ಕಡೆ ತಿರುಗಿ ನಿಂತಿದ್ದರಂತೆ. ಜೊತೆಗೆ ಹೋಗಿದ್ದ ಫೆಲಿಕ್ಸ್ ಅಂಕಲ್ ಇದನ್ನು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದರು.

ನಾವು ಊರಿನಿಂದ ಮರಳಿ ಬಂದು ಬೀಗ ತೆರೆದಾಗ ಮನೆ ತುಂಬ ಆ ವಾಸನೆ. ಉಗ್ರಾಣದ ಕೋಣೆಯಲ್ಲಿ, ಹಳದಿ ಬಟ್ಟೆ ಹೊದೆಸಿಟ್ಟಿದ್ದ ಹರಕೆಯ ಖರ್ಜೂರ ಹುಳಿತು ನೊರೆ ಬಂದಿತ್ತು. ಅಮ್ಮ ಅದನ್ನು ಎಸೆಯಲು ಬಿಡಲಿಲ್ಲ, ದೇವರಿಗೆಂದು ತೂಗಿದ್ದು. ದೇವಸ್ಥಾನಕ್ಕೆ ಒಯ್ಯಲೂ ಒಪ್ಪಲಿಲ್ಲ, ವಾಲಿದ ಕೋಲಿನಲ್ಲಿ ತೂಗಿದ್ದು. ಹಾಗಾಗಿ ಅದು ಅಲ್ಲಿಯೇ ಉಳಿಯಿತು. ಹುಳ ಬಂತು, ಆಮೇಲೆ ಹುಳವೂ ಹೋಯಿತು, ಕಪ್ಪು ಮುದ್ದೆಯೊಂದು ಮಿಕ್ಕಿತು. ನಾನು ಶಾಲೆಗೆ ಹೋಗುವಾಗ ಯೂನಿಫಾರ್ಮಿಗೂ ಆ ವಾಸನೆ ಅಂಟಿದೆಯೇನೋ ಎಂದು ಮೂಸಿ ನೋಡಿಕೊಳ್ಳುತ್ತಿದ್ದೆ. ಗ್ರೇಸಿ ಆಂಟಿ ದಿನಾ ಬಂದು ಅಮ್ಮನ ತಲೆ ಬಾಚುತ್ತಿದ್ದರು. ಬಾಚಿಸಿಕೊಳ್ಳುತ್ತ ಅಮ್ಮ ಕಿಟಕಿಯಾಚೆಗಿನ ಶೆಡ್ಡನ್ನೇ ನೋಡುತ್ತಿದ್ದರು. ಅಪ್ಪ ಕೋಲನ್ನು ಬಿಚ್ಚಿ ಎಲ್ಲಿ ಒಯ್ದು ಹಾಕಿದರೋ ನಮಗೆ ಹೇಳಲಿಲ್ಲ. ಪೈಪಿಗೆ ಕಟ್ಟಿದ್ದ ಹಗ್ಗದ ತುಂಡು ಮಾತ್ರ ಬಿಸಿಲಿಗೆ ಬಿಳಿಚಿಕೊಂಡು ಬಹಳ ಕಾಲ ನೇತಾಡುತ್ತಿತ್ತು.

ಆಮೇಲೆ ಅಮ್ಮ ಅಪ್ಪನ ಮೇಲೆ ಕೂಗಾಡಲಿಲ್ಲ. ಒಂದು ಸಲ, ಒಂದೇ ಸಲ ಹೇಳಿದ್ದನ್ನು ನಾನು ಕೇಳಿದ್ದೇನೆ: "ನೀವು ದೇವರಿಗೆ ಕಡಿಮೆ ತೂಗಿದ್ರಿ." ಆಗಲೂ ಅಪ್ಪ, "ನಡುವಿಗೇ ಕಟ್ಟಿದ್ದು ಮಾರಾಯ್ತಿ," ಎಂದರು. "ಹಾಗಾದ್ರೆ ಬರೀ ಕೋಲು ಯಾಕೆ ವಾಲಿತು?" ಎಂದರು ಅಮ್ಮ. ಅಪ್ಪ ತಟ್ಟೆ ಎತ್ತಿಕೊಂಡು ಎದ್ದರು. ಆ ಪ್ರಶ್ನೆ ಮತ್ತೆ ಕೇಳುವ ಅಗತ್ಯವೇ ಬೀಳಲಿಲ್ಲ, ಊಟದ ಮೇಜಿನ ಮೇಲೆ ಅದು ದಿನಾ ಇರುತ್ತಿತ್ತು. ವರ್ಷ ಕಳೆದಂತೆ ಅಪ್ಪನೂ ಅದನ್ನು ನಂಬತೊಡಗಿದರು ಎಂದು ನನಗೆ ಅನ್ನಿಸುತ್ತದೆ. ಖರ್ಜೂರ ಮುಟ್ಟುವುದನ್ನು ಬಿಟ್ಟರು. ದೇವರ ಕಪಾಟಿನ ಎದುರು ನಿಲ್ಲುವುದನ್ನು ಬಿಟ್ಟರು. ಮನೆಯಲ್ಲಿ ಒಂದು ಚಿತ್ರಪಟ ನೇರವಾಗಿಲ್ಲ ಎಂದು ಯಾರಾದರೂ ಅಂದರೆ ಎದ್ದು ಹೊರಗೆ ಹೋಗುತ್ತಿದ್ದರು. ವಿಲ್ಲಾ ಬಿಡಲು ನೋಟೀಸು ಬಂದಾಗ ಆ ಕಪ್ಪು ಮುದ್ದೆಯನ್ನು ಕ್ರೇಟಿನ ಸಮೇತ ಕಾರಿನಲ್ಲಿಟ್ಟು, ಒಬ್ಬರೇ ಸಮುದ್ರದ ಕಡೆ ಹೋಗಿ ಬಂದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಕೆಲವು ವರ್ಷಗಳ ಹಿಂದೆ ಊರಿನಲ್ಲಿ, ಬೆಳಿಗ್ಗೆ ಚಾ ಕುಡಿಯುತ್ತ ಕುರ್ಚಿಯಲ್ಲೇ ಒರಗಿದವರು ಮತ್ತೆ ಏಳಲಿಲ್ಲ. ದೇವರಿಗೆ ಮೋಸ ಮಾಡಿ ಮಗನನ್ನು ಕಳೆದುಕೊಂಡವನು ತಾನು ಎಂದುಕೊಂಡೇ ಅವರು ಹೋದರು. ಅಮ್ಮನನ್ನು ನಾನು ಇಲ್ಲಿಗೆ ಕರೆಸಿಕೊಂಡೆ. ಅಪ್ಪನ ಫೋಟೋ ಹಾಕಿದ್ದು ನಾನು; ಅದಕ್ಕೆ ಅಮ್ಮ ಒಂದು ದಿನವೂ ಹೂ ಇಟ್ಟವರಲ್ಲ.

ನಾನೀಗ ಭೌತಶಾಸ್ತ್ರ ಕಲಿಸುತ್ತೇನೆ. 'ಮೊಮೆಂಟ್ ಆಫ್ ಫೋರ್ಸ್' ಪಾಠ ಪ್ರತಿ ವರ್ಷ ಬರುತ್ತದೆ. ಮೀಟರ್ ಸ್ಕೇಲನ್ನು ನಡುವಿನಲ್ಲಿ ತೂಗುಹಾಕಿ, ಎರಡೂ ಕಡೆ ದಾರದಲ್ಲಿ ತೂಕದ ಬಟ್ಟುಗಳನ್ನು ಕಟ್ಟಿ, ಭಾರ ಗುಣಿಸು ದೂರ ಎರಡೂ ಕಡೆ ಸಮವಾದರೆ ಸ್ಕೇಲು ನಿಲ್ಲುತ್ತದೆ ಎಂದು ತೋರಿಸುವುದು. ಶಾಲೆಯ ಸ್ಕೇಲು ಉದ್ದಕ್ಕೂ ಒಂದೇ ದಪ್ಪ, ಅದರ ಭಾರದ ನಡು ಮತ್ತು ಉದ್ದದ ನಡು ಒಂದೇ ಕಡೆ. ಅದಕ್ಕೇ ನನಗೆ ಇಷ್ಟು ವರ್ಷ ಏನೂ ಹೊಳೆದಿರಲಿಲ್ಲ. ಈ ಸಲ ಮಕ್ಕಳಿಗೆ, ಸ್ಕೇಲು ಬೇಡ, ಮನೆಯಿಂದ ಯಾವುದಾದರೂ ಕೋಲು ತನ್ನಿ ಎಂದೆ. ಒಬ್ಬಳು ಅಣ್ಣನ ಕ್ರಿಕೆಟ್ ಬ್ಯಾಟು ತಂದಳು. ಅದನ್ನು ದಾರದಲ್ಲಿ ತೂಗುಹಾಕಿ, ಮಟ್ಟಸವಾಗಿ ನಿಲ್ಲಿಸಿ, ಎರಡೂ ತುದಿಗೆ ಒಂದೇ ತೂಕದ ಬಟ್ಟು ಕಟ್ಟಿದಳು. ಹಿಡಿಯ ಕಡೆ ಸರ್ರನೆ ಕೆಳಗೆ ಹೋಯಿತು. "ಮಿಸ್, ಖಾಲಿ ಇರುವಾಗ ಸ್ಟ್ರೈಟ್ ಇತ್ತಲ್ವಾ? ಮತ್ತೆ ಯಾಕೆ ಸುಳ್ಳು ಹೇಳ್ತದೆ?" ಎಂದಳು. ನಾನು ವಿವರಿಸಲು ಬಾಯಿ ತೆರೆದೆ. ಬ್ಯಾಟಿನ ಅಗಲದ ಕಡೆ ಭಾರ ಹೆಚ್ಚು, ಆದ್ದರಿಂದ ಖಾಲಿ ಬ್ಯಾಟು ಮಟ್ಟವಾಗುವ ಜಾಗ ನಡುವಲ್ಲ, ಆ ಕಡೆಗೆ ಸರಿದಿದೆ. ಹಿಡಿಯ ಕಡೆಯ ತೋಳು ಉದ್ದ, ಉದ್ದ ತೋಳಿನಲ್ಲಿ ಕೂತವನು ತನ್ನ ತೂಕಕ್ಕಿಂತ ಹೆಚ್ಚು ತೂಗುತ್ತಾನೆ. ಕೂತವನು ಎಂದೆ, ಬಟ್ಟು ಎನ್ನಲಿಲ್ಲ. ಮಕ್ಕಳು ನಕ್ಕರು. ನಾನು ಮೇಜು ಹಿಡಿದು ನಿಂತೆ.

ಡಬ್ಬಿ ಬಂದದ್ದು ಅದೇ ದಿನ. ಅಮ್ಮ ಕಿಟಕಿ ತೆರೆದು ನಿಂತಾಗ ನಾನು ಅಡಿಗೆಮನೆಯಿಂದ ಸಾರಿನ ಸೌಟು ತಂದೆ. ಅದಕ್ಕೆ ದಾರ ಕಟ್ಟಿ ನೇರ ನಿಲ್ಲುವಲ್ಲಿ ಹಿಡಿದು ತೋರಿಸಿದೆ. "ಇದು ನಡುವಾ ಅಮ್ಮ?" ದಾರ ಸೌಟಿನ ಬಟ್ಟಲಿನ ಹತ್ತಿರವೇ ಇತ್ತು. "ಅಲ್ಲ," ಎಂದರು ಅಮ್ಮ. ಬಟ್ಟಲಿನಲ್ಲಿ ಒಂದು ಖರ್ಜೂರ ಇಟ್ಟು, ಹಿಡಿಯ ತುದಿಗೆ ಅಷ್ಟೇ ದೊಡ್ಡದೊಂದನ್ನು ಕಟ್ಟಿದೆ. ಹಿಡಿ ಇಳಿಯಿತು. ಅಮ್ಮ ಹತ್ತಿರ ಬಂದು ಕೂತರು. ಸೌಟಿನಲ್ಲಿ ಅರ್ಧವನ್ನಷ್ಟೇ ತೋರಿಸಲು ಆಗುತ್ತದೆ, ಉಳಿದದ್ದನ್ನು ಬಾಯಲ್ಲಿ ಹೇಳಿದೆ. ಮೊದಲು ಎಲ್ಲರೂ ಸೇರಿ ಕಟ್ಟಿದ್ದೇ ತಪ್ಪು ಜಾಗ, ನಿತ್ತು ಕೂತದ್ದು ಉದ್ದ ತೋಳಿನಲ್ಲಿ. ಅದಕ್ಕೇ ನಿತ್ತು ಏಳಲಿಲ್ಲ, ನೀರು ತುಂಬಿದ್ದಕ್ಕಲ್ಲ, ದೇವರು ಒಲ್ಲೆ ಅಂದದ್ದಕ್ಕಲ್ಲ. ಅಪ್ಪ ಗೇಣು ಹಾಕಿ ಕಟ್ಟಿದ್ದು ನಿಜವಾದ ನಡು. ದಪ್ಪ ತುದಿ ಖರ್ಜೂರದ ಕಡೆ ಇದ್ದುದರಿಂದ ಬರೀ ಕೋಲು ವಾಲಿತು, ಆದರೆ ನಿತ್ತುವಿನ ಭಾರದ ಎದುರು ಆ ವಾಲುವಿಕೆ ಏನೇನೂ ಅಲ್ಲ.

"ಏನೇನೂ ಅಲ್ಲ ಅಂದ್ರೆ ಎಷ್ಟು?" ಅಮ್ಮ ಕೇಳಿದರು.

"ಹೆಚ್ಚೆಂದ್ರೆ ಒಂದೆರಡು ಮುಷ್ಟಿ ಖರ್ಜೂರ ಕಡಿಮೆ ಆಗಿರ್ಬಹುದು ಅಮ್ಮ. ಅಷ್ಟೇ."

ಅಮ್ಮ ತಮ್ಮ ಎರಡೂ ಅಂಗೈಗಳನ್ನು ತೆರೆದು ನೋಡಿಕೊಂಡರು. "ಅಷ್ಟು ಅವನ ಕೈಯಲ್ಲೇ ಇತ್ತಲ್ಲ," ಎಂದರು. "ಗ್ರೇಸಿ ಕೊಟ್ಟದ್ದು. ಅವನ ಜೊತೆ ಅದೂ ತೂಗಿತಲ್ಲ." ನನಗೆ ಆ ಮುಷ್ಟಿಗಳ ನೆನಪಿದ್ದರೂ ಲೆಕ್ಕಕ್ಕೆ ಸೇರಿಸಿರಲಿಲ್ಲ. ಅಮ್ಮ ಸೇರಿಸಿದ್ದರು. ಅವನ ಕೈಯಲ್ಲಿದ್ದುದನ್ನು ಕಳೆದರೆ ಮಗನ ತೂಕಕ್ಕೆ ಸರಿಯಾಗಿ ಖರ್ಜೂರ ಬಿದ್ದಿತ್ತು. ಅಮ್ಮನ ಮುಖ ಸಡಿಲವಾಗುತ್ತದೆ ಎಂದು ನಾನು ಕಾದೆ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸುತ್ತಾರೆ, ಅಪ್ಪನ ಫೋಟೋ ಕಡೆ ನೋಡಿ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಅಳಲಿಲ್ಲ. ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡು, ದಾರದ ಗಂಟನ್ನು ಉಗುರಿನಿಂದ ಬಿಡಿಸುತ್ತ ಕೂತರು. ಗಂಟು ಬಿಚ್ಚಿದ ಮೇಲೆ ತಲೆಯೆತ್ತಿದರು.

"ಹಾಗಾದ್ರೆ ಹರಕೆ ಸರಿಯಾಗಿಯೇ ತೂಗಿತ್ತು," ಎಂದರು. "ಮತ್ತೆ ಅವ ಯಾಕೆ ಹೋದ?"

ಅಪ್ಪನ ತಪ್ಪೆಂದುಕೊಂಡಿದ್ದಷ್ಟು ದಿನ ಅಮ್ಮನಿಗೆ ಒಂದು ಕಾರಣವಿತ್ತು, ದೇವರೂ ಉಳಿದಿದ್ದ. ನಾನು ಒಂದು ಸೌಟು ಹಿಡಿದು ಬಂದು ಎರಡನ್ನೂ ಕಿತ್ತುಕೊಂಡಿದ್ದೆ.

ಅಮ್ಮ ಎದ್ದು ಹೋಗಿ ಅಪ್ಪನ ಫೋಟೋದ ಕೆಳಗೆ ನೆಲದ ಮೇಲೆ ಕೂತರು, ಬೆನ್ನು ಗೋಡೆಗೆ ಕೊಟ್ಟು, ನಿತ್ತು ಹೋದ ಮೇಲೆ ಅಪ್ಪನ ಪಕ್ಕದಲ್ಲಿ ಎಂದೂ ಕೂತಿರದಷ್ಟು ಹತ್ತಿರ. ಹೊರಗೆ ಮುಸ್ಸಂಜೆಯ ಮಗ್ರಿಬ್‌ನ ಬಾಂಗ್ ಕೇಳಿಸಿತು. ಅದು ದಿನಾ ಅವರು ದೇವರಿಗೆ ದೀಪ ಹಚ್ಚುವ ಹೊತ್ತು. ಅವತ್ತು ಹಚ್ಚಲಿಲ್ಲ, ನಾನೂ ಹಚ್ಚಲಿಲ್ಲ. ಧೂಳು ಬರುತ್ತದೆಂದು ನಾನು ಕಿಟಕಿ ಮುಚ್ಚಿ ಬಂದು ಅವರ ಪಕ್ಕದಲ್ಲಿ ಕೂತೆ. ಡಬ್ಬಿ ಮೇಜಿನ ಮೇಲೆ ತೆರೆದೇ ಇತ್ತು. ವಾಸನೆ ಮತ್ತೆ ಮೆಲ್ಲಗೆ ಕೋಣೆ ತುಂಬಿಕೊಂಡಿತು, ಕಿಟಕಿ ತೆರೆಯಲು ಇಬ್ಬರೂ ಏಳಲಿಲ್ಲ.